ರಟ್ಟಿನ ಹಿಂದಿನ ಜೇಬನ್ನು ಮೊದಲು ತೆರೆದು ನೋಡಿ

ಧ್ರುವಯಾನದ ಹಳೆಯ ಪುಸ್ತಕಗಳಲ್ಲಿ, ಉತ್ತರ ಧ್ರುವದತ್ತ ಸಾಗಿದ ನಾರ್ವೆಯ ನ್ಯಾನ್ಸೆನ್ ಮತ್ತು ದಕ್ಷಿಣ ಧ್ರುವದತ್ತ ಸಾಗಿದ ಬ್ರಿಟನ್ನಿನ ಶ್ಯಾಕಲ್‌ಟನ್ ಇವರಿಬ್ಬರ ಪೈಕಿ ಯಾರ ಮೊದಲ ಮುದ್ರಣಕ್ಕೆ ಹಣ ಹಾಕಿದರೆ ಬೆಲೆ ಏರೀತು ಎಂದು ಕೇಳಿದ್ದೀರಿ. ಮುಂಬಯಿಯ ಮಾಟುಂಗದಲ್ಲಿ ಮನೆ ಮಾಡಿದ ಹೊಸದರಲ್ಲಿ ನನ್ನ ಲೆಕ್ಕಾಚಾರವೂ ಇದೇ ಆಗಿತ್ತು. ಫೋರ್ಟ್‌ನ ಹಳೆಯ ಪುಸ್ತಕದಂಗಡಿಯೊಂದರಲ್ಲಿ ಶ್ಯಾಕಲ್‌ಟನ್‌ನ ‘ದಿ ಹಾರ್ಟ್ ಆಫ್ ದಿ ಅಂಟಾರ್ಕ್ಟಿಕ್’ ಕಣ್ಣಿಗೆ ಬಿತ್ತು. 1909ರಲ್ಲಿ ಲಂಡನ್ನಿನ ಹೈನ್‌ಮನ್ ಪ್ರಕಟಿಸಿದ ಎರಡು ಸಂಪುಟಗಳು. ನೀಲಿ ಬಟ್ಟೆಯ ರಟ್ಟಿನ ಮೇಲೆ ಬೆಳ್ಳಿ ಬಣ್ಣದ ಅಚ್ಚು. ಇಸವಿ ನೋಡಿದೆ, ಚಿತ್ರಪಟಗಳನ್ನು ಪಟ್ಟಿಯೊಂದಿಗೆ ತಾಳೆ ಹಾಕಿದೆ, ಹೊಲಿಗೆ ಸಡಿಲಾಗಿಲ್ಲವೆಂದು ಖಚಿತಪಡಿಸಿಕೊಂಡು, ಚೌಕಾಸಿ ಮಾಡಿ, ಬಾಡಿಗೆಗೆಂದು ಎತ್ತಿಟ್ಟಿದ್ದ ಹಣವನ್ನೂ ಸೇರಿಸಿ ಕೊಂಡುತಂದೆ.

ಎರಡನೆಯ ಸಂಪುಟದ ಹಿಂಬದಿ ರಟ್ಟಿನ ಒಳಗೆ ಒಂದು ಜೇಬಿದೆ. ನಕಾಶೆಗಳೂ ಉದ್ದನೆಯ ವಿಹಂಗಮ ಚಿತ್ರವೂ ಹೊಲಿಗೆಗೆ ಸೇರದೆ, ಮಡಿಸಿದ ಬಿಡಿ ಹಾಳೆಗಳಾಗಿ ಅದರಲ್ಲಿರಬೇಕು. ಬಿಡಿಯಾಗಿರುವುದರಿಂದಲೇ ಅವು ಎಲ್ಲಕ್ಕಿಂತ ಮೊದಲು ಕಳೆದುಹೋಗುತ್ತವೆ. ಜೇಬು ಉಬ್ಬಿದ್ದನ್ನು ಅಂಗಡಿಯಲ್ಲಿಯೇ ಬೆರಳಿನಿಂದ ಮುಟ್ಟಿ ನೋಡಿದ್ದೆ, ಆದರೆ ಒಳಗಿನದನ್ನು ಹೊರತೆಗೆಯಲಿಲ್ಲ. ಮನೆಯಲ್ಲಿ ತೆಗೆದಾಗ ಸಿಕ್ಕಿದ್ದು ಹಳೆಯ ರೈಲ್ವೆ ವೇಳಾಪಟ್ಟಿ. ಶ್ಯಾಕಲ್‌ಟನ್‌ನ ತಂಡವು 1909ರ ಜನವರಿ 9ರಂದು ದಕ್ಷಿಣ ಅಕ್ಷಾಂಶ 88°23′ ತಲುಪಿ ಹಿಂದಿರುಗಿದ ದಾರಿಯನ್ನು ನಕಾಶೆಯ ಮೇಲೆ ಅನುಸರಿಸುವುದೇ ಈ ಪುಸ್ತಕದ ಸುಖ. ಅದಿಲ್ಲದ ಪ್ರತಿಯನ್ನು ವ್ಯಾಪಾರಿಗಳು ‘ಅಪೂರ್ಣ’ವೆಂದೇ ನಮೂದಿಸುತ್ತಾರೆ. ನಾನು ಮಾರಲು ಹೋದಾಗ ಇತರ ಅಂಗಡಿಯವರೆಲ್ಲ ನೇರವಾಗಿ ಕೈಹಾಕಿದ್ದು ಆ ಜೇಬಿಗೇ.

ಆದ್ದರಿಂದ ಹೂಡಿಕೆಯ ಮಾತನ್ನು ಬಿಟ್ಟುಬಿಡಿ. ಮುಂಬಯಿಯ ಮಳೆಗಾಲದಲ್ಲಿ ಬೂಷ್ಟು ಹಿಡಿಯುವ ವಸ್ತುವನ್ನು ಲಾಭಕ್ಕೆಂದು ಕೊಳ್ಳುವವರು ಬ್ಯಾಂಕಿನಲ್ಲಿ ಠೇವಣಿ ಇಡುವುದು ಲೇಸು. ಓದುವ ಆಸೆಯಿದ್ದರೆ, ನ್ಯಾನ್ಸೆನ್‌ನ ‘ಫಾರ್ದೆಸ್ಟ್ ನಾರ್ತ್’ನ 1897ರ ಎರಡು ಸಂಪುಟಗಳಿಂದ ಆರಂಭಿಸಿ, ಆತನೇ ಬರೆದ ಚಿತ್ರಗಳ ಬಣ್ಣದ ಪಟಗಳು ಅದರಲ್ಲಿವೆ, ಆ ಕಾಲದಲ್ಲಿ ಬಹಳ ಮಾರಾಟವಾದ ಪುಸ್ತಕವಾದ್ದರಿಂದ ಆಯ್ದುಕೊಳ್ಳಲು ಅವಕಾಶವೂ ಇದೆ. ದೂರದಿಂದ ತರಿಸುವುದಾದರೆ ನಕಾಶೆಯ ಪ್ರತಿ ಮಡಿಕೆಯನ್ನೂ ಬಿಡಿಸಿ ತೆಗೆದ ಫೋಟೋ ಕೇಳಿ. ಕಳುಹಿಸಲು ಹಿಂಜರಿಯುವವರಿಂದ ಕೊಳ್ಳಲೇಬೇಡಿ. ಶ್ಯಾಕಲ್‌ಟನ್‌ನ ಇನ್ನೊಂದು ಪುಸ್ತಕ, 1919ರ ‘ಸೌತ್’ ಸಿಕ್ಕರೆ ಹಾಳೆ ಕಂದಿದೆಯೆಂದು ಬಿಡಬೇಡಿ, ಮೊದಲ ಮಹಾಯುದ್ಧ ಮುಗಿದ ಹೊತ್ತಿನ ಕಳಪೆ ಕಾಗದ ಹಾಗೆಯೇ ಇರುತ್ತದೆ.