ಓದುಗರ ಪ್ರಶ್ನೆ: ಎಣ್ಣೆಬಣ್ಣದಲ್ಲಿ ನಗರದ ಬೀದಿ

ಪ್ರಶ್ನೆ: ಚಿಕ್ಕಪೇಟೆಯ ಸಂಜೆಯನ್ನು ಎಕ್ಸ್‌ಪ್ರೆಷನಿಸ್ಟ್ ಶೈಲಿಯಲ್ಲಿ (ಕಂಡದ್ದಕ್ಕಿಂತ ಮನಸ್ಸಿಗೆ ಅನಿಸಿದ್ದನ್ನು ತೋರುವ ಶೈಲಿ) ಬಿಡಿಸುತ್ತಿದ್ದೇನೆ. ಆಕಾಶಕ್ಕೆ ಕೆಂಪು, ಗೋಡೆಗಳಿಗೆ ಹಸಿರು ಹಾಕಿದೆ. ಗಂಟೆಯೊಳಗೆ ಎಲ್ಲ ಕಲಸಿಕೊಂಡು ಕೆಸರಿನ ಬಣ್ಣಕ್ಕೆ ತಿರುಗಿತು. ಕಟ್ಟಡಗಳೋ, ಫೋಟೊಗೆ ಬಣ್ಣ ಬಳಿದಂತಿವೆ. ಏನು ಮಾಡಲಿ?

ಉತ್ತರ: ಕಟ್ಟಡಗಳಿಂದಲೇ ಶುರು ಮಾಡೋಣ, ಏಕೆಂದರೆ ನಿಮ್ಮ ನಿಜವಾದ ತೊಡಕು ರೇಖೆಯಲ್ಲಿದೆ. ಬಣ್ಣ ಎಷ್ಟೇ ಉಗ್ರವಾಗಿರಲಿ, ಗೋಡೆಗಳು ಕ್ಯಾಮೆರಾ ಕಂಡಂತೆ ನೆಟ್ಟಗೆ ನಿಂತಿದ್ದರೆ ಚಿತ್ರ ಮಿಡಿಯುವುದಿಲ್ಲ. ಜರ್ಮನ್ ಕಲಾವಿದ ಕಿರ್ಷ್‌ನರ್ ಬರ್ಲಿನ್ನಿನ ಚೌಕವೊಂದನ್ನು ಕುರಿತು 1914ರಲ್ಲಿ ಬರೆದ ‘ಪೋಟ್ಸ್‌ಡಾಮರ್ ಪ್ಲಾಟ್ಸ್’ ಚಿತ್ರವನ್ನು ನೋಡಿ. ಇಬ್ಬರು ಹೆಂಗಸರು ನಿಂತಿರುವ ದುಂಡನೆಯ ಕಟ್ಟೆ ಮೇಲಿನಿಂದ ನೋಡಿದಂತಿದೆ, ಹೆಂಗಸರು ಮಾತ್ರ ಎದುರಿನಿಂದ ಕಂಡಂತೆ ಉದ್ದಕ್ಕೆ, ಚೂಪಾಗಿ ನಿಂತಿದ್ದಾರೆ. ಒಂದೇ ಚಿತ್ರದಲ್ಲಿ ಎರಡು ನೋಟ ಇರುವುದರಿಂದಲೇ ಅಲ್ಲಿ ನೆಲ ಜಾರಿದಂತೆ ಅನಿಸುತ್ತದೆ. ನೀವೂ ದಿಗಂತರೇಖೆಯನ್ನು ಕ್ಯಾನ್ವಾಸಿನ ಮೇಲಿನ ಕಾಲುಭಾಗಕ್ಕೆ ಎತ್ತಿ, ಗೋಡೆಗಳನ್ನು ಐದರಿಂದ ಹತ್ತು ಡಿಗ್ರಿ ಬೀದಿಯ ಕಡೆಗೆ ವಾಲಿಸಿ.

ಇನ್ನು ಕೆಸರು. ಕೆಂಪು ಹಸಿರು ಪಕ್ಕಪಕ್ಕ ಇದ್ದರೆ ಒಂದರಿಂದ ಇನ್ನೊಂದು ಹೊಳೆಯುತ್ತದೆ, ಬೆರೆತರೆ ಎರಡೂ ಸಾಯುತ್ತವೆ. ಹಸಿ ಬಣ್ಣದ ಮೇಲೆ ಬ್ರಷ್ ಮೂರು ಸಲ ಹೋಗಿಬಂದರೆ ಸಾಕು, ಕೆಲಸ ಕೆಟ್ಟಿತು. ಎರಡು ಪದರ ಜೆಸ್ಸೋ (ಬಣ್ಣ ಹಿಡಿಯಲು ಮೊದಲು ಬಳಿಯುವ ಬಿಳಿ ಲೇಪ) ಹಚ್ಚಿದ ಕ್ಯಾನ್ವಾಸಿಗೆ ನೀರಾಗಿಸಿದ ಅಕ್ರಿಲಿಕ್ ಬರ್ಂಟ್ ಸಿಯೆನ್ನಾ (ಕೆಂಗಂದು ಬಣ್ಣ) ಬಳಿದು ಆರಲು ಬಿಡಿ. ಮೊದಲ ದಿನ ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಅಂಬರ್ (ಗಾಢ ಕಂದು) ಸೇರಿಸಿ, ಬರೀ ಟರ್ಪಂಟೈನ್‌ನಲ್ಲಿ ತೆಳುವಾಗಿಸಿ, ಕತ್ತಲಿನ ಜಾಗಗಳನ್ನಷ್ಟೇ ತುಂಬಿ. ಅಂಬರ್ ಇದ್ದರೆ ಪದರ ಬೇಗ ಒಣಗುತ್ತದೆ. ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆದು ನೋಡಿ: ಬೀದಿ ಬೀದಿಯಂತೆ ಕಂಡರೆ ಆಮೇಲೆ ಯಾವ ಬಣ್ಣ ಹಾಕಿದರೂ ಅದು ತಡೆದುಕೊಳ್ಳುತ್ತದೆ.

ಮುಂದಿನ ಪದರಕ್ಕೆ ಎರಡು ಪಾಲು ಟರ್ಪಂಟೈನ್, ಒಂದು ಪಾಲು ಲಿನ್ಸೀಡ್ (ಅಗಸೆ) ಎಣ್ಣೆ. ಕೊನೆಯದಕ್ಕೆ ಟ್ಯೂಬಿನ ಬಣ್ಣ, ತುಸು ಎಣ್ಣೆಯೊಂದಿಗೆ. ಬಿಸಿ ಬಣ್ಣಗಳಿಗೊಂದು, ತಂಪು ಬಣ್ಣಗಳಿಗೊಂದು, ಬಿಳಿಗೊಂದು ಬ್ರಷ್ ಇರಲಿ. ಒಂದು ಗೀಟು ಎಳೆದು ಕೈ ಎತ್ತಿಬಿಡಿ. ಎರಡು ಬಣ್ಣ ಕೂಡುವಲ್ಲಿ ಎರಡು ಮಿಲಿಮೀಟರ್ ಬಿಟ್ಟರೆ ತಳದ ಸಿಯೆನ್ನಾವೇ ಗಡಿಯಾಗುತ್ತದೆ. ಕೆಸರಾದ ಜಾಗಕ್ಕೆ ಮತ್ತಷ್ಟು ಬಣ್ಣ ಸುರಿಯಬೇಡಿ, ಪ್ಯಾಲೆಟ್ ನೈಫಿನಿಂದ ಕೆರೆದು ತೆಗೆಯಿರಿ.

ಪ್ರಶ್ನೆ: ದಪ್ಪಗೆ ಹಾಕಿದ ಬಿಳಿ ಮಳೆಗಾಲದಲ್ಲಿ ಮೂರು ವಾರವಾದರೂ ಅಂಟುತ್ತದೆ. ಹೇರ್ ಡ್ರೈಯರ್ ಹಿಡಿಯಲೇ?

ಉತ್ತರ: ಖಂಡಿತ ಬೇಡ. ಎಣ್ಣೆಬಣ್ಣ ಗಟ್ಟಿಯಾಗುವುದು ಗಾಳಿಯ ಆಮ್ಲಜನಕ ಹೀರಿ. ಬಿಸಿ ಕೊಟ್ಟರೆ ಮೇಲೆ ಕೆನೆಗಟ್ಟಿ ಒಳಗೆ ಹಸಿಯಾಗಿಯೇ ಉಳಿದು ಸುಕ್ಕಾಗುತ್ತದೆ. ಬೆಳಕಿರುವ ಕೋಣೆಯಲ್ಲಿ ಫ್ಯಾನ್ ಹಾಕಿಡಿ. ಕತ್ತಲಲ್ಲಿಟ್ಟರೆ ಲಿನ್ಸೀಡ್ ಹಳದಿಗೆ ತಿರುಗುತ್ತದೆ, ಬಿಳಿಯಲ್ಲಿ ಅದು ಮೊದಲು ಕಾಣುತ್ತದೆ. ಮುಂದಿನ ಸಲ ಬಿಳಿಗೆ ಅದರ ಕಾಲುಭಾಗ ಮೀರದಂತೆ ಆಲ್ಕಿಡ್ ಮೀಡಿಯಂ (ಎಣ್ಣೆಬಣ್ಣ ಬೇಗ ಒಣಗಿಸುವ ದ್ರಾವಣ) ಬೆರೆಸಿ, ಒಂದೇ ಸಲ ದಪ್ಪಗೆ ಹಾಕದೆ ಎರಡು ಮೂರು ಪದರಗಳಲ್ಲಿ ಏರಿಸಿ. ಐವರಿ ಬ್ಲ್ಯಾಕ್ ಎಂಬ ಕಪ್ಪು ಬಣ್ಣ ತಳದ ಪದರಕ್ಕೆ ಬೇಡ. ಅದು ಬಹಳ ನಿಧಾನವಾಗಿ ಒಣಗುವುದರಿಂದ ಮೇಲಿನ ಪದರ ಬಿರುಕು ಬಿಡುತ್ತದೆ. ವಾರ್ನಿಷ್‌ಗೆ ಕನಿಷ್ಠ ಆರು ತಿಂಗಳು, ದಪ್ಪ ಬಣ್ಣವಿದ್ದರೆ ವರ್ಷ ಕಾಯಿರಿ.

ಕೇಳದಿದ್ದರೂ ಒಂದು ಮಾತು: ಲಿನ್ಸೀಡ್ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆಯಬೇಡಿ. ತಾವಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಹೊರಗೆ ಒಂದೊಂದಾಗಿ ಹರವಿ ಒಣಗಿಸಿ, ಇಲ್ಲವೇ ಮುಚ್ಚಳವಿರುವ ತಗಡಿನ ಡಬ್ಬದಲ್ಲಿ ನೀರಿನಲ್ಲಿ ಮುಳುಗಿಸಿಡಿ.