ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ಯೂರಿಯಾ ಯಾವಾಗ ಹಾಕಬೇಕು?

ನಮಸ್ಕಾರ. ಕಳೆದ ಸಲ ಬಿತ್ತುವಾಗಲೇ ಪೂರ್ತಿ ಯೂರಿಯಾ ಹಾಕಿದ್ದೆ, ಬೆಳೆ ಕಡುಹಸಿರಾಗಿ ಎದೆಯೆತ್ತರ ಬಂತು, ಸೂಲಂಗಿ (ಗಿಡದ ತುದಿಯ ಗಂಡು ಹೂ) ಹೊತ್ತಿಗೆ ಮಳೆ ಕೈಕೊಟ್ಟು ತೆನೆ ಅರ್ಧವೇ ತುಂಬಿತು ಅಂತ ಬರೆದಿದ್ದೀರಿ. ಈ ಸಲ ಗೊಬ್ಬರ ಜಾಸ್ತಿ ಮಾಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಪ್ರಮಾಣ ಹಾಗೇ ಇರಲಿ, ಹಾಕುವ ಹೊತ್ತು ಬದಲಿಸಿ.

ಯೂರಿಯಾ ಕೊಡುವುದು ಸಾರಜನಕ. ಮೊದಲ ಮೂರು ವಾರ ಮೆಕ್ಕೆಜೋಳಕ್ಕೆ ಅದು ಬೇಕಾಗುವುದು ಸ್ವಲ್ಪವೇ. ಮೊಣಕಾಲೆತ್ತರ ಆದಮೇಲೆ ಬೆಳೆಯ ಹಸಿವು ಒಮ್ಮೆಲೇ ಏರುತ್ತದೆ, ಸೂಲಂಗಿ ಬರುವವರೆಗೂ ಇಳಿಯುವುದಿಲ್ಲ. ಮೊದಲೇ ಎಲ್ಲ ಕೊಟ್ಟುಬಿಟ್ಟರೆ, ಜೋರು ಮಳೆಗೆ ಅದು ಬೇರಿಗೆ ಸಿಗದಷ್ಟು ಕೆಳಗೆ ಇಳಿದುಹೋಗುತ್ತದೆ. ಮಳೆ ಹದವಾಗಿ ಬಂದರೂ ಕಷ್ಟವೇ. ಎಲೆ ವಿಪರೀತ ಬೆಳೆದು ಮಣ್ಣಿನ ನೀರನ್ನು ಬೇಗ ಕುಡಿದು ಮುಗಿಸುತ್ತದೆ. ಆಮೇಲೆ ಒಣಗಾಳಿ ಬಿಟ್ಟರೆ ಸೂಲಂಗಿಯ ಹುಡಿ ಉದುರಿ ಹೋಗುತ್ತದೆ, ತೆನೆಯ ಕೂದಲು ತಡವಾಗಿ ಬರುತ್ತದೆ. ಎರಡೂ ಒಟ್ಟಿಗೆ ಸಿಗದಿದ್ದರೆ ಕಾಳು ಎಲ್ಲಿಂದ ಕಟ್ಟಬೇಕು? ನಿಮ್ಮ ಹೊಲದಲ್ಲಿ ಆಗಿದ್ದು ಇದೇ ಅಂತ ನನಗನ್ನಿಸುತ್ತದೆ.

ಒಂದು ಟನ್ ಕಾಳಿಗೆ ಬೆಳೆ ಹೆಚ್ಚುಕಡಿಮೆ 20ರಿಂದ 25 ಕೆಜಿ ಸಾರಜನಕ ಎಳೆದುಕೊಳ್ಳುತ್ತದೆ. ಹಾಗಾಗಿ ಒಣಬೇಸಾಯದಲ್ಲಿ ಮಳೆ ಎಷ್ಟು ಕಾಳು ಕೊಡಬಲ್ಲದೋ ಅಷ್ಟಕ್ಕೇ ಗೊಬ್ಬರ ಸಾಕು.

ಮಣ್ಣು ಪರೀಕ್ಷೆ ಮಾಡಿಸಿದ್ದರೆ ಅದರ ಪ್ರಕಾರವೇ ಹೋಗಿ. ಇಲ್ಲದಿದ್ದರೆ ಎಕರೆಗೆ 40 ಕೆಜಿ ಸಾರಜನಕ, 20 ಕೆಜಿ ರಂಜಕ, 10 ಕೆಜಿ ಪೊಟ್ಯಾಷ್ ಅಂತ ಲೆಕ್ಕ ಹಿಡಿಯೋಣ. ರಂಜಕದ ಗೊಬ್ಬರವಾದ ಡಿಎಪಿ 43 ಕೆಜಿ ಹಾಕಿದರೆ ರಂಜಕ ಪೂರ್ತಿ ಸಿಕ್ಕಿತು, ಜೊತೆಗೆ ಸುಮಾರು 8 ಕೆಜಿ ಸಾರಜನಕವೂ ಬಂತು. ಶುರುವಿಗೆ ಅದೇ ಸಾಕು. ಪೊಟ್ಯಾಷ್‌ಗೆ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಗೊಬ್ಬರ 17 ಕೆಜಿ. ಉಳಿದ ಸಾರಜನಕಕ್ಕೆ 70 ಕೆಜಿ ಯೂರಿಯಾ ಬೇಕು. ಅದನ್ನು ಎರಡು ಕಂತು ಮಾಡಿ: ಮೊಣಕಾಲೆತ್ತರಕ್ಕೆ 35, ಸೂಲಂಗಿ ಇಣುಕುವ ಮೊದಲು 35.

ಎರಡನೇ ಕಂತು ನಿಮ್ಮ ಕೈಯಲ್ಲೇ ಇರುತ್ತದೆ, ಅದೇ ಇದರ ದೊಡ್ಡ ಲಾಭ. ಮಧ್ಯಾಹ್ನ ಸುರುಟಿದ ಎಲೆ ಸಂಜೆಯಾದರೂ ಬಿಚ್ಚಿಕೊಳ್ಳದಿದ್ದರೆ ಚೀಲ ಬಿಚ್ಚಲೇಬೇಡಿ. ಮಳೆ ಬಂದು ನೆಲ ಹಸಿಯಾದ ಮೇಲೆ ಹಾಕಿ, ಅದೇ ದಿನ ಸಾಲಿನ ನಡುವೆ ಎಡೆಕುಂಟೆ ಹೊಡೆದು ಮಣ್ಣು ಮುಚ್ಚಿಸಿ. ಹಸಿ ನೆಲದ ಮೇಲೆ ಸುಮ್ನೆ ಎರಚಿ ಬಿಟ್ಟರೆ ಯೂರಿಯಾ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಮಳೆ ಬಾರದೇ ಹೋದರೆ ಆ 35 ಕೆಜಿ ಉಳಿಯಿತು ಅಷ್ಟೇ.

ಡಿಎಪಿ ಬೀಜಕ್ಕೆ ತಾಗಬಾರದು. ಬೀಜದಿಂದ ಎರಡು ಇಂಚು ಪಕ್ಕಕ್ಕೆ, ಎರಡು ಇಂಚು ಕೆಳಗೆ ಬೀಳಬೇಕು. ಒಂದು ವರ್ಷ ಅವಸರದಲ್ಲಿ ನಾನು ಬೀಜ, ಗೊಬ್ಬರ ಎರಡನ್ನೂ ಒಂದೇ ಸಾಲಿಗೆ ಬಿಟ್ಟಿದ್ದೆ. ಮೊಳಕೆ ಸುಟ್ಟು, ಹೊಲದ ತುಂಬ ಖಾಲಿ ಜಾಗ ಬಿತ್ತು. ಆ ಸಾಲುಗಳನ್ನು ನೋಡುತ್ತಾ ನಿಂತಿದ್ದು ಇವತ್ತಿಗೂ ನೆನಪಿದೆ. ರಂಜಕ ಹಾಕಿದ ಜಾಗ ಬಿಟ್ಟು ಹೆಚ್ಚು ಸರಿಯುವುದಿಲ್ಲ, ಆದ್ದರಿಂದ ಅದನ್ನು ಮೇಲೆ ಎರಚಿಯೂ ಪ್ರಯೋಜನ ಕಡಿಮೆ.

ಎಳೆ ಎಲೆಯಲ್ಲಿ ನಡುದಿಂಡಿನ ಎರಡೂ ಕಡೆ ಬಿಳಿಪಟ್ಟಿ ಕಂಡರೆ ಅದು ಸತುವಿನ ಕೊರತೆ, ಯೂರಿಯಾದಿಂದ ಹೋಗುವುದಿಲ್ಲ. ಬಿತ್ತುವ ಮೊದಲೇ ಎಕರೆಗೆ 10 ಕೆಜಿ ಸತುವಿನ ಸಲ್ಫೇಟ್ ಮಣ್ಣಿಗೆ ಸೇರಿಸಿ, ಆದರೆ ಡಿಎಪಿ ಜೊತೆ ಬೆರೆಸಬೇಡಿ. ಸಾರಜನಕ ಕಡಿಮೆಯಾದರೆ ಹಳದಿ ಬರುವುದು ಕೆಳಗಿನ ಹಳೆ ಎಲೆಗೆ, ತುದಿಯಿಂದ ನಡುದಿಂಡಿನ ಗುಂಟ.

ಕೊಟ್ಟಿಗೆ ಗೊಬ್ಬರ ಸಿಕ್ಕರೆ ಬಿತ್ತನೆಗೆ ಎರಡು ಮೂರು ವಾರ ಮೊದಲೇ ಹಾಕಿ. ಮಣ್ಣು ಹಸಿ ಹಿಡಿದುಕೊಳ್ಳುತ್ತದೆ, ಒಣಭೂಮಿಗೆ ಬೇಕಾದ್ದೇ ಅದು ಅಲ್ವಾ?

ಇನ್ನೊಂದು ಕೋರಿಕೆ. ಎರಡನೇ ಕಂತು ಹಾಕುವಾಗ ನಾಲ್ಕು ಸಾಲು ಹಾಕದೆ ಬಿಡಿ, ಗೂಟ ನೆಟ್ಟು ಗುರುತಿಡಿ. ಕಟಾವಿನಲ್ಲಿ ಆ ನಾಲ್ಕು ಸಾಲು, ಪಕ್ಕದ ನಾಲ್ಕು ಸಾಲು ಬೇರೆ ಬೇರೆ ತೂಗಿ, ಎಷ್ಟು ವ್ಯತ್ಯಾಸ ಬಂತು ಅಂತ ಇಲ್ಲಿ ಬರೆಯಿರಿ.