ಮೂಳೆ ಸವೆತಕ್ಕೂ (ಮೂಳೆ ಟೊಳ್ಳಾಗುವ ಆಸ್ಟಿಯೊಪೊರೋಸಿಸ್) ವಯಸ್ಸಾದವರ ಕಣ್ಣಿನ ಕಾಯಿಲೆಗೂ ಸಂಬಂಧ ಇದೆಯೇ?

ಇದೆ. ಆದರೆ ಒಂದು ಇನ್ನೊಂದನ್ನು ನೇರವಾಗಿ ಹುಟ್ಟಿಸುತ್ತದೆ ಎನ್ನುವಂತಿಲ್ಲ.

ಎಲ್ಲಕ್ಕಿಂತ ಗಟ್ಟಿ ಕೊಂಡಿ ಸ್ಟೀರಾಯ್ಡ್. ಸಂಧಿವಾತಕ್ಕೋ ಆಸ್ತಮಾಕ್ಕೋ ಪ್ರೆಡ್ನಿಸೊಲೋನ್‌ನಂಥ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದರೆ ಹೊಸ ಮೂಳೆ ಕಟ್ಟುವ ಜೀವಕೋಶಗಳು ಸೊರಗುತ್ತವೆ. ಅದೇ ಮಾತ್ರೆ ಕಣ್ಣಿನ ಮಸೂರದ ಹಿಂಬದಿಯಲ್ಲಿ ಪೊರೆ ತರಿಸಬಹುದು, ಕೆಲವರಲ್ಲಿ ಕಣ್ಣಿನ ಒತ್ತಡ ಏರಿಸಿ, ಕಣ್ಣಿನ ನರ ಹಾಳಾಗುವ ಗ್ಲುಕೋಮಾಕ್ಕೂ ದಾರಿ ಮಾಡಬಹುದು. ಹಾಗಂತ ವೈದ್ಯರನ್ನು ಕೇಳದೆ ದಿಢೀರನೆ ನಿಲ್ಲಿಸಬೇಡಿ, ಅದು ಇನ್ನೂ ಅಪಾಯ.

ಮೂಳೆಗೆ ಕೊಡುವ ಔಷಧಿಯೂ ಕಣ್ಣಿಗೆ ತಾಗುವುದುಂಟು. ಅಲೆಂಡ್ರೊನೇಟ್, ಝೊಲೆಡ್ರೊನಿಕ್ ಆಸಿಡ್ ಪಡೆದವರಲ್ಲಿ ಅಪರೂಪಕ್ಕೆ ಕಣ್ಣಿನ ಒಳಗೆ ಉರಿಯೂತ ಬರುತ್ತದೆ. ಕಣ್ಣು ಕೆಂಪಾಗಿ ನೋಯುತ್ತಿದ್ದರೆ, ಬೆಳಕು ಚುಚ್ಚುತ್ತಿದ್ದರೆ, ಧೂಳು ಬಿದ್ದಿರಬೇಕು ಎಂದು ಸುಮ್ಮನಾಗದೆ ತೋರಿಸಿಕೊಳ್ಳಿ.

ಮೂಳೆ ಸವೆದವರಲ್ಲಿ ಮಕ್ಯುಲಾ (ಕಣ್ಣಿನ ಹಿಂಬದಿಯ ಅಕ್ಷಿಪಟಲದ ನಡುಭಾಗ) ಸವೆತವೂ ಹೆಚ್ಚು ಎಂದು ಕೆಲವು ಅಧ್ಯಯನಗಳು ಹೇಳುತ್ತವೆ. ವಯಸ್ಸು, ಧೂಮಪಾನ ಎರಡಕ್ಕೂ ಸಮಾನ ಶತ್ರುಗಳು.

ನನಗೆ ಇದೆಲ್ಲಕ್ಕಿಂತ ಮುಖ್ಯವೆನಿಸುವುದು ಬೀಳುವ ಅಪಾಯ. ಕಣ್ಣು ಮಂಜಾಗಿ ಮೆಟ್ಟಿಲು ತಪ್ಪಿದರೆ ಟೊಳ್ಳಾದ ಸೊಂಟದ ಮೂಳೆ ಮುರಿಯುತ್ತದೆ. ಅಮೆರಿಕದಲ್ಲಿ ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್‌ನ ದಾಖಲೆಗಳನ್ನು ನೋಡಿದ 2012ರ ಅಧ್ಯಯನದಲ್ಲಿ, ಪೊರೆ ತೆಗೆಸಿಕೊಂಡವರಿಗೆ ಮುಂದಿನ ಒಂದು ವರ್ಷ ಸೊಂಟ ಮುರಿಯುವ ಸಂಭವ, ತೆಗೆಸಿಕೊಳ್ಳದವರಿಗಿಂತ ಸುಮಾರು ಶೇ. 16ರಷ್ಟು ಕಡಿಮೆಯಿತ್ತು.